ಬೇಟೆಯ ರೈಫಲ್‌ನ ದೂರದರ್ಶಕ: ಗುರಿ ತಪ್ಪಿದಾಗ ದೋಷವನ್ನು ಹುಡುಕುವ ಕ್ರಮ

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಬೇಟೆಯು ನಿಷಿದ್ಧವಾಗಿದೆ. ಆದರೆ ಅಮೆರಿಕ, ಕೆನಡಾ ಹಾಗೂ ಯುರೋಪಿನ ಅನೇಕ ದೇಶಗಳಲ್ಲಿ ಪರವಾನಗಿ ಪಡೆದು, ನಿಗದಿತ ಋತುವಿನಲ್ಲಿ ಜಿಂಕೆ ಮೊದಲಾದ ಪ್ರಾಣಿಗಳನ್ನು ಬೇಟೆಯಾಡುವುದು ಕಾನೂನುಬದ್ಧವಾಗಿದೆ. ಅಲ್ಲಿನ ರೈಫಲ್‌ಗಳ ಮೇಲೆ ಗುರಿ ಹಿಡಿಯಲು ದೂರದರ್ಶಕವನ್ನು, ಅಂದರೆ ಸ್ಕೋಪನ್ನು ಕೂರಿಸುತ್ತಾರೆ. ಸ್ಕೋಪನ್ನು ಹಿಡಿದಿಡುವ ಮೌಂಟ್ ಎಂಬುದು ಸಾಮಾನ್ಯವಾಗಿ ಬೇಸ್ ಮತ್ತು ಎರಡು ರಿಂಗುಗಳಿಂದ ಕೂಡಿದ, ಅಲ್ಯೂಮಿನಿಯಂ ಅಥವಾ ಉಕ್ಕಿನಿಂದ ಮಾಡಿದ ಸಣ್ಣ ಯಂತ್ರಭಾಗ. ಡ್ರಾಯಿಂಗ್ ಪ್ರಕಾರ ಬಿಡಿಭಾಗ ತಯಾರಿಸುವ ಸದಸ್ಯರಿಗೆ ಇದು ಅಪರಿಚಿತ ಕೆಲಸವೇನಲ್ಲ.

ಆದರೆ ಈ ಸಾಮಗ್ರಿಯ ಬಗ್ಗೆ ದೂರು ಬಂದಾಗ ಹೊಣೆ ಯಾರದೆಂದು ನಿರ್ಣಯಿಸುವುದು ಸುಲಭವಲ್ಲ. ಗುಂಡು ಒಂದು ಗೇಣು ಪಕ್ಕಕ್ಕೆ ಸರಿದರೆ ಪ್ರಾಣಿಯು ಒಮ್ಮೆಗೇ ಸಾಯದೆ ಗಾಯಗೊಂಡು ಓಡುತ್ತದೆ. ಆದ್ದರಿಂದ ಅಲ್ಲಿನ ಗ್ರಾಹಕನು ಈ ದೋಷವನ್ನು ಹಗುರವಾಗಿ ಪರಿಗಣಿಸುವುದಿಲ್ಲ. ದೋಷವು ರೈಫಲ್‌ನದೋ, ಸ್ಕೋಪಿನದೋ, ಮೌಂಟಿನದೋ ಎಂಬುದನ್ನು ಕ್ರಮವಾಗಿ ಪರೀಕ್ಷಿಸದಿದ್ದರೆ ಸರಕು ವಾಪಸಾತಿ, ಸಾಗಣೆ ವೆಚ್ಚ ಮತ್ತು ಡೆಬಿಟ್ ನೋಟ್ ತಯಾರಕನ ತಲೆಗೆ ಬರುತ್ತವೆ.

ಸ್ಥಿರ ದೋಷ, ಚರ ದೋಷ

ತಾಳೆಪಟ್ಟಿಯಲ್ಲಿ ವ್ಯತ್ಯಾಸ ಕಂಡುಬಂದಾಗ, ಆ ಮೊತ್ತವು ಪ್ರತಿ ತಿಂಗಳೂ ಒಂದೇ ಆಗಿದೆಯೋ ಅಥವಾ ಬದಲಾಗುತ್ತಿದೆಯೋ ಎಂಬುದನ್ನು ಲೆಕ್ಕಪರಿಶೋಧಕನು ಮೊದಲು ನೋಡುತ್ತಾನೆ. ಇಲ್ಲಿಯೂ ಅದೇ ಕ್ರಮ ಅನ್ವಯಿಸುತ್ತದೆ. ರೈಫಲನ್ನು ಭದ್ರವಾದ ಆಸರೆಯ ಮೇಲಿಟ್ಟು, ಒಂದೇ ಬಗೆಯ ಮದ್ದುಗುಂಡಿನಿಂದ ಐದು ಬಾರಿ ಹಾರಿಸಬೇಕು. ಗುಂಡುಗಳೆಲ್ಲವೂ ಒಂದೆಡೆ ಗುಂಪಾಗಿ, ಆದರೆ ಗುರಿಯಿಂದ ದೂರ ಬಿದ್ದರೆ ಅದು ಸ್ಥಿರ ದೋಷ. ಅದರ ಮೂಲ ಅಳತೆಯಲ್ಲಿರುತ್ತದೆ. ಗುಂಡುಗಳು ಚದುರಿದರೆ, ಅಥವಾ ಗುಂಪೇ ದಿನದಿಂದ ದಿನಕ್ಕೆ ಸರಿಯುತ್ತಿದ್ದರೆ ಅದು ಚರ ದೋಷ. ಅದರ ಮೂಲ ಬಹುತೇಕ ಬಿಗಿತದಲ್ಲಿರುತ್ತದೆ.

ಚರ ದೋಷದ ಪರೀಕ್ಷೆ

ಯಾವುದೇ ಪರೀಕ್ಷೆಗೆ ಮುನ್ನ ರೈಫಲ್‌ನಲ್ಲಿ ಗುಂಡು ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳುವುದು ಕಡ್ಡಾಯ. ಬಳಿಕ ಸ್ಕೋಪನ್ನು ಕಳಚಿ, ಬೇಸ್ ಅಲುಗಾಡುವುದೇ ಎಂದು ನೋಡಬೇಕು. ಬೇಸಿನ ಸ್ಕ್ರೂ ಅಗತ್ಯಕ್ಕಿಂತ ಉದ್ದವಾಗಿದ್ದು ರಂಧ್ರದ ತಳಕ್ಕೆ ತಾಗಿದರೆ, ಸ್ಕ್ರೂ ಬಿಗಿಯಾದಂತೆ ತೋರುತ್ತದೆ; ಬೇಸ್ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ. ರಂಧ್ರಗಳಲ್ಲಿ ಮತ್ತು ರಿಂಗಿನ ಒಳಮೈಯಲ್ಲಿ ಎಣ್ಣೆಯ ಅಂಶ ಉಳಿದಿರಬಾರದು. ರಿಂಗಿನ ಅಂಚಿನಲ್ಲಿ ಸ್ಕೋಪಿನ ಕೊಳವೆಯ ಮೇಲೆ ಪೆನ್ನಿನಿಂದ ಗೆರೆ ಎಳೆದಿಟ್ಟರೆ, ಗುಂಡು ಹಾರಿಸಿದ ಮೇಲೆ ಕೊಳವೆ ಜಾರಿದೆಯೇ ಎಂಬುದು ತಿಳಿಯುತ್ತದೆ.

ಹಾರಿಸಿದಾಗ ರೈಫಲ್ ಹಿಂದಕ್ಕೆ ಒದೆಯುವುದರಿಂದ, ಸ್ಕೋಪ್ ಅದಕ್ಕೆ ಹೋಲಿಸಿದರೆ ಮುಂದಕ್ಕೆ ಜಾರಲು ಯತ್ನಿಸುತ್ತದೆ. ಆದ್ದರಿಂದ ರಿಂಗನ್ನು ಬೇಸಿನ ಗಾಡಿಯಲ್ಲಿ ಮುಂದಕ್ಕೆ ಒತ್ತಿ ಹಿಡಿದು ಬಿಗಿಯಬೇಕು. ಪಿಕಟಿನಿ ಮಾದರಿಯ ಗಾಡಿಯ ಅಗಲ 5.23 ಮಿ.ಮೀ.; ವೀವರ್ ಮಾದರಿಯದು ಸುಮಾರು 4.57 ಮಿ.ಮೀ. ವೀವರ್ ರಿಂಗು ಪಿಕಟಿನಿ ಬೇಸಿನಲ್ಲಿ ಕೂರುತ್ತದೆಯಾದರೂ ಅದಕ್ಕೆ ಹಿಂದೆ ಮುಂದೆ ಸರಿಯಲು ಎಡೆಯಿರುತ್ತದೆ.

ಬಿಗಿತ ಹೆಚ್ಚಾದರೂ ತೊಂದರೆಯೇ. ರಿಂಗಿನ ಮೇಲ್ಭಾಗದ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 20 ಇಂಚ್-ಪೌಂಡ್, ಅಂದರೆ ಸುಮಾರು 1.7ರಿಂದ 2.3 ನ್ಯೂಟನ್-ಮೀಟರ್ ಬಿಗಿತ ಸಾಕು. ಇದನ್ನು ಮೀರಿದರೆ ಕೊಳವೆ ಅಮುಕಿಹೋಗಿ ಒಳಗಿನ ಭಾಗಗಳು ಸಿಕ್ಕಿಕೊಳ್ಳಬಹುದು. ಆಗ ಗುರಿ ತಿದ್ದುವ ತಿರುಗುಣಿಯನ್ನು ತಿರುಗಿಸಿದರೂ ಗುಂಡು ಬೀಳುವ ಸ್ಥಳ ಸರಿಯಾಗಿ ಬದಲಾಗದು.

ಸ್ಥಿರ ದೋಷದ ಲೆಕ್ಕ

ಎರಡು ರಿಂಗುಗಳ ನಡುವೆ 100 ಮಿ.ಮೀ. ಅಂತರವಿದ್ದು, ಒಂದು ರಿಂಗು 0.1 ಮಿ.ಮೀ. ಎತ್ತರವಾಗಿದೆ ಎಂದಿಟ್ಟುಕೊಳ್ಳೋಣ. ಇದು ಸಾವಿರಕ್ಕೆ ಒಂದರ ಓರೆ. 100 ಮೀಟರ್ ದೂರದಲ್ಲಿ ಅದು 10 ಸೆಂ.ಮೀ. ಆಗುತ್ತದೆ. ತಿರುಗುಣಿಯ ಒಂದು ಕ್ಲಿಕ್ ಅನೇಕ ಸ್ಕೋಪುಗಳಲ್ಲಿ ಕಾಲು ಮಿನಿಟ್ ಕೋನಕ್ಕೆ, ಅಂದರೆ ಅದೇ ದೂರದಲ್ಲಿ ಸುಮಾರು 7 ಮಿ.ಮೀ.ಗೆ ಸಮ. ಹದಿನಾಲ್ಕು ಕ್ಲಿಕ್‌ಗಳಲ್ಲಿ ಈ ದೋಷವನ್ನು ಸರಿದೂಗಿಸಬಹುದು. ಆದರೆ 0.5 ಮಿ.ಮೀ. ವ್ಯತ್ಯಾಸಕ್ಕೆ ಎಪ್ಪತ್ತು ಕ್ಲಿಕ್ ಬೇಕು. ಕೆಲವೊಮ್ಮೆ ತಿರುಗುಣಿಯು ಕೊನೆ ಮುಟ್ಟಿ ನಿಂತುಬಿಡುತ್ತದೆ.

ಇಂತಹ ಸಂದರ್ಭದಲ್ಲಿ ರಿಂಗುಗಳನ್ನು ಹಿಂದು ಮುಂದಾಗಿ ಅದಲು ಬದಲು ಮಾಡಿ ನೋಡಬೇಕು. ದೋಷದ ದಿಕ್ಕು ತಿರುಗಿದರೆ ತಪ್ಪು ರಿಂಗಿನದು. ಹಾಗೆಯೇ ಉಳಿದರೆ ಬೇಸ್ ಅಥವಾ ರೈಫಲ್‌ನ ಮೇಲಿನ ರಂಧ್ರಗಳನ್ನು ಪರಿಶೀಲಿಸಬೇಕು. ಅಡ್ಡಗೆರೆ ಓರೆಯಾಗಿದ್ದರೆ ತೂಗುಗುಂಡಿನ ದಾರಕ್ಕೆ ಹೊಂದಿಸಬೇಕು. ಹತ್ತಿರದಲ್ಲಿ ಇದರ ಪರಿಣಾಮ ಅಲ್ಪ. ಆದರೆ ಗುಂಡು 1 ಮೀಟರ್ ಇಳಿಯುವಷ್ಟು ದೂರಕ್ಕೆ ಗುರಿ ತಿದ್ದಿದಾಗ, 3 ಡಿಗ್ರಿ ಓರೆಯಿಂದ ಸುಮಾರು 5 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ.

ಮೌಂಟ್ ನಿರ್ದೋಷವೆಂದು ಖಚಿತವಾದ ನಂತರವೇ ಬೇರೊಂದು ಉತ್ತಮ ಸ್ಕೋಪನ್ನು ಕೂರಿಸಿ ನೋಡಬೇಕು. ಆಮೇಲೆ ಮರದ ಹಿಡಿಯ ಸ್ಕ್ರೂಗಳನ್ನು, ಕೊನೆಗೆ ಬೇರೆ ಬಗೆಯ ಮದ್ದುಗುಂಡನ್ನು. ಒಮ್ಮೆಗೆ ಒಂದೇ ಬದಲಾವಣೆ ಮಾಡತಕ್ಕದ್ದು. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಕಾರಣ ತಿಳಿಯುವುದಿಲ್ಲ. ಕಾರಣ ತಿಳಿಯದೆ ಹೊಣೆಯನ್ನು ನಿಗದಿಪಡಿಸಲಾಗದು.

ತಯಾರಕರು ಗಮನಿಸಬೇಕಾದುದು

ಮೇಲಿನ ಲೆಕ್ಕದಿಂದ, ಖರ್ಚನ್ನು ಎಲ್ಲಿ ಹಾಕಬೇಕೆಂಬುದು ಸ್ಪಷ್ಟವಾಗುತ್ತದೆ. ಹೊರಮೈಯ ಹೊಳಪಿಗಿಂತ ಜೋಡಿ ರಿಂಗುಗಳ ಎತ್ತರದ ಸಮಾನತೆ ಮುಖ್ಯ. ಒಂದೇ ಸೆಟಪ್‌ನಲ್ಲಿ ತಯಾರಾದ ರಿಂಗುಗಳನ್ನು ಜೋಡಿಯಾಗಿಯೇ ಪ್ಯಾಕ್ ಮಾಡಿ, ಬ್ಯಾಚ್ ಸಂಖ್ಯೆ ಮತ್ತು ಅಳತೆಯ ದಾಖಲೆಯನ್ನು ಇಟ್ಟುಕೊಳ್ಳಬೇಕು. ಸ್ಕ್ರೂಗಳ ಬಿಗಿತವನ್ನು ನಮೂದಿಸಿದ ಸೂಚನಾ ಚೀಟಿಯೊಂದನ್ನು ಪೆಟ್ಟಿಗೆಯಲ್ಲಿಡುವುದಕ್ಕೆ ತಗಲುವ ವೆಚ್ಚ ನಗಣ್ಯ. ತಪಾಸಣೆಯ ವಿಧಾನವನ್ನು ಖರೀದಿ ಆದೇಶದಲ್ಲಿಯೇ ಬರೆಸಿಕೊಳ್ಳುವುದು ಕ್ಷೇಮಕರ.

ಆದೇಶ ಸ್ವೀಕರಿಸುವ ಮೊದಲು, ಸದರಿ ವಸ್ತುವಿಗೆ 1959ರ ಆಯುಧ ಕಾಯಿದೆ ಹಾಗೂ 2016ರ ಆಯುಧ ನಿಯಮಗಳು ಅನ್ವಯಿಸುವವೇ, ರಫ್ತು ನಿಯಂತ್ರಣದ ಸ್ಕೋಮೆಟ್ ಪಟ್ಟಿಯ 6ನೇ ವರ್ಗದಲ್ಲಿ ಅದು ಸೇರುವುದೇ ಎಂಬ ಬಗ್ಗೆ ಸಂಬಂಧಪಟ್ಟ ಇಲಾಖೆಯಿಂದ ಲಿಖಿತ ಉತ್ತರ ಪಡೆಯತಕ್ಕದ್ದು. ಆಯುಧಗಳಿಗೆ ಜೋಡಿಸುವ ದೂರದರ್ಶಕಗಳು ಸುಂಕ ಪಟ್ಟಿಯ 9013ನೇ ಶೀರ್ಷಿಕೆಯಲ್ಲೂ, ಆಯುಧಗಳ ಬಿಡಿಭಾಗ ಮತ್ತು ಉಪಾಂಗಗಳು 9305ನೇ ಶೀರ್ಷಿಕೆಯಲ್ಲೂ ಬರುತ್ತವೆ. ಮೌಂಟಿನ ವರ್ಗೀಕರಣವನ್ನು ಇನ್‌ವಾಯ್ಸ್ ಬರೆಯುವ ಮೊದಲೇ ಇತ್ಯರ್ಥಪಡಿಸಿಕೊಂಡರೆ ಮುಂದಿನ ವ್ಯಾಜ್ಯಕ್ಕೆ ಅವಕಾಶವಿರುವುದಿಲ್ಲ.