ಮುದ್ದೆ ಮತ್ತು ಕೋಳಿಸಾರು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಸಮೀಪವಾಗಿ, ಗೌರಸಮುದ್ರವೆಂಬ ಗ್ರಾಮವಿದೆ. ಮಾರಮ್ಮನ ಜಾತ್ರೆಯಿಂದ ಹೆಸರಾದ ಊರಿದು. ಮಳೆ ಕಡಮೆಯಾದ ಈ ಸೀಮೆಯ ಹೊಲಗಳಿಗೆ ಕಡಲೆಕಾಯಿ, ರಾಗಿ, ನವಣೆಗಳು ಒಗ್ಗಿವೆ. ಈ ಭಾಗದ ಸಣ್ಣ ಮಿಲಿಟರಿ ಹೋಟೆಲುಗಳಲ್ಲಿ ಬಡಿಸುವ ಊಟವೂ ನೆಲಕ್ಕೆ ತಕ್ಕದ್ದೇ: ಬಿಸಿ ರಾಗಿಮುದ್ದೆ, ಕೋಳಿಸಾರು, ಹೆಚ್ಚಿದ ಈರುಳ್ಳಿ, ಒಂದು ಹೋಳು ನಿಂಬೆ. ನೋಡಲು ಸರಳವಾದ ಈ ಊಟದ ಹಿಂದೆ ಎಷ್ಟೊಂದು ರಸಾಯನಶಾಸ್ತ್ರ ಅಡಗಿದೆ ಎಂಬುದನ್ನು ಪರಿಶೀಲಿಸೋಣ.

ಗೋಧಿಹಿಟ್ಟನ್ನು ತಣ್ಣೀರಿನಲ್ಲಿಯೇ ಕಲಸಿ ನಾದಬಹುದು. ಅದರಲ್ಲಿರುವ ಗ್ಲೂಟೆನ್ ಎಂಬ ಸಸಾರಜನಕವು ಬಲೆಯಂತೆ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುತ್ತದೆ. ರಾಗಿಯಲ್ಲಿ ಗ್ಲೂಟೆನ್ ಇಲ್ಲ. ಅದನ್ನು ಕೂಡಿಸುವ ಕೆಲಸವನ್ನು ಪಿಷ್ಟವೇ ಮಾಡಬೇಕು. ಪಿಷ್ಟವು ಹಿಟ್ಟಿನಲ್ಲಿ ಅತಿ ಸೂಕ್ಷ್ಮವಾದ ಕಣಗಳಾಗಿರುತ್ತದೆ. ತಣ್ಣೀರು ಈ ಕಣಗಳೊಳಕ್ಕೆ ಹೆಚ್ಚಾಗಿ ಇಳಿಯಲಾರದು. ಉಷ್ಣತೆಯು ಸುಮಾರು 65ರಿಂದ 75 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ಕಣಗಳು ನೀರನ್ನು ಹೀರಿ ಉಬ್ಬಿ, ಅಂಟಾಗುವುವು. ಎಸರು ಕುದಿಯುವಾಗಲೇ ಹಿಟ್ಟು ಹಾಕುವುದು ಈ ಕಾರಣದಿಂದ.

ಹಿಟ್ಟನ್ನು ಸುರಿದೊಡನೆ ಕೋಲಿನಿಂದ ಬಲವಾಗಿ ತಿರುವದಿದ್ದರೆ ಮುದ್ದೆಯಲ್ಲಿ ಗಂಟುಗಳಾಗುವುದು ಎಲ್ಲರಿಗೂ ತಿಳಿದದ್ದೇ. ಇದಕ್ಕೆ ಕಾರಣವೇನು? ಹಿಟ್ಟಿನ ಉಂಡೆಯ ಹೊರಭಾಗ ಬಿಸಿನೀರು ತಾಗಿದ ಕೂಡಲೇ ಬೆಂದು ಅಂಟಿನ ಪದರವಾಗುತ್ತದೆ. ಆ ಪದರವು ನೀರು ಒಳಕ್ಕೆ ಹೋಗದಂತೆ ತಡೆಯುವುದರಿಂದ ಒಳಗಿನ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಕೋಲಿನ ತಿರುವಾಟವು ಈ ಪದರವನ್ನು ಒಡೆದು, ಹಿಟ್ಟಿನ ಪ್ರತಿಯೊಂದು ಕಣಕ್ಕೂ ನೀರನ್ನೂ ಕಾವನ್ನೂ ಮುಟ್ಟಿಸುತ್ತದೆ.

ಇನ್ನು ಸಾರಿನ ವಿಷಯ. ಫಾರಂ ಕೋಳಿ ಬೇಗ ಬೇಯುತ್ತದೆ, ನಾಟಿ ಕೋಳಿ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಮಾಂಸದ ಎಳೆಗಳನ್ನು ಒಟ್ಟಾಗಿ ಕಟ್ಟುವುದು ಕಾಲಜನ್ ಎಂಬ ಗಟ್ಟಿಯಾದ ಸಸಾರಜನಕ. ಮೂರು ಎಳೆಗಳ ಹಗ್ಗದಂತೆ ಹೊಸೆದಿರುವ ಇದರ ಅಣುಗಳ ನಡುವಣ ಬಂಧನಗಳು, ಪ್ರಾಣಿಯ ವಯಸ್ಸು ಏರಿದಂತೆಲ್ಲ, ಬಿಗಿಯಾಗುತ್ತ ಹೋಗುವುವು. ಫಾರಂ ಕೋಳಿಯ ಆಯುಸ್ಸು ಸಾಮಾನ್ಯವಾಗಿ ಆರು ವಾರ ಮಾತ್ರ. ಹಿತ್ತಲಲ್ಲಿ ತಿರುಗಾಡಿ ಬೆಳೆದ ಕೋಳಿ ಅಡಿಗೆಗೆ ಬರುವ ವೇಳೆಗೆ ಹಲವು ತಿಂಗಳುಗಳಾಗಿರುತ್ತವೆ. ನೀರಿನಲ್ಲಿ ಬಹಳ ಹೊತ್ತು ಬೆಂದಾಗ ಕಾಲಜನ್ ಹುರಿ ಬಿಚ್ಚಿಕೊಂಡು, ಜೆಲಟಿನ್ ಆಗಿ ಸಾರಿನಲ್ಲಿ ಕರಗುತ್ತದೆ. ನಾಟಿ ಕೋಳಿಯ ಸಾರು ತುಟಿಗೆ ಅಂಟುವಂತಿರುವುದಕ್ಕೂ, ಆರಿದ ಮೇಲೆ ಮಂದವಾಗುವುದಕ್ಕೂ ಈ ಜೆಲಟಿನ್ನೇ ಕಾರಣ. ಮೆಣಸಿನಕಾಯಿಯ ಕೆಂಪು ಮತ್ತು ಖಾರಗಳು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುವುದರಿಂದ ಸಾರಿನ ಮೇಲೆ ಕೆಂಪು ಎಣ್ಣೆ ತೇಲುತ್ತದೆ.

ದೂರದೇಶದ ಒಂದು ಊಟವನ್ನು ಇದರೊಡನೆ ಹೋಲಿಸಬಹುದು. ಚೀನದ ಹೈನಾನ್ ದ್ವೀಪದಿಂದ ಮಲಯ ಮತ್ತು ಸಿಂಗಪುರಗಳಿಗೆ ವಲಸೆ ಹೋದವರು ಕೋಳಿಯನ್ನು ಇಡಿಯಾಗಿ, ಕುದಿಗಿಂತ ಕಡಮೆ ಕಾವಿನ ನೀರಿನಲ್ಲಿ ಬೇಯಿಸಿ, ಬಳಿಕ ತಣ್ಣೀರಿನಲ್ಲಿ ಅದ್ದುವರು. ಚರ್ಮದಡಿಯ ಜೆಲಟಿನ್ ಆಗ ಹೆಪ್ಪುಗಟ್ಟುತ್ತದೆ. ಉಳಿದ ರಸದಲ್ಲಿಯೂ ಕೋಳಿಯ ಕೊಬ್ಬಿನಲ್ಲಿಯೂ ಅನ್ನ ಮಾಡುವರು. ಅಲ್ಲಿ ರಸವನ್ನು ಧಾನ್ಯವೇ ಕುಡಿದಿರುತ್ತದೆ; ಇಲ್ಲಿ ಧಾನ್ಯವನ್ನು ಬೇರೆ ಬೇಯಿಸಿ, ರಸದಲ್ಲಿ ಅದ್ದಿ ಉಣ್ಣುತ್ತೇವೆ. ಕೋಳಿಯ ಸತ್ತ್ವ ಸ್ವಲ್ಪವೂ ವ್ಯರ್ಥವಾಗಬಾರದೆಂಬ ಬುದ್ಧಿ ಎರಡು ಕಡೆಗೂ ಒಂದೇ.

ನಮ್ಮ ಊಟದಲ್ಲಿ ಇನ್ನೊಂದು ವಿಶೇಷವುಂಟು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ರಾಗಿಯಲ್ಲಿ 4ರಿಂದ 5 ಮಿಲಿಗ್ರಾಂ ಕಬ್ಬಿಣವೂ ಉಂಟು. ಆದರೆ ಧಾನ್ಯದಲ್ಲಿರುವ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ. ರಾಗಿಯ ಫೈಟಿಕ್ ಆಮ್ಲ ಮತ್ತು ಟ್ಯಾನಿನ್ನುಗಳು ಕಬ್ಬಿಣವನ್ನು ಹಿಡಿದುಕೊಂಡು, ಕರುಳು ಅದನ್ನು ಹೀರದಂತೆ ಮಾಡುವುವು. ಇಲ್ಲಿಯೇ ತಟ್ಟೆಯಲ್ಲಿರುವ ಬೇರೆ ಪದಾರ್ಥಗಳು ನೆರವಿಗೆ ಬರುತ್ತವೆ. ಕೋಳಿಮಾಂಸದಲ್ಲಿ ಕಬ್ಬಿಣ ಹೆಚ್ಚಾಗಿಲ್ಲ. ಆದರೂ ಮಾಂಸವು ಜೀರ್ಣವಾಗುವಾಗ ಹುಟ್ಟುವ ವಸ್ತುಗಳು ಧಾನ್ಯದ ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿಟ್ಟು, ಅದರ ಹೀರಿಕೆಯನ್ನು ಹೆಚ್ಚಿಸುವುವು. ನಿಂಬೆಯ ‘ಸಿ’ ಜೀವಸತ್ತ್ವವೂ ಕಬ್ಬಿಣವನ್ನು ಕರುಳಿಗೆ ಒಗ್ಗುವ ರೂಪಕ್ಕೆ ತರುತ್ತದೆ. ಈ ಜೀವಸತ್ತ್ವವು ಕುದಿಸಿದರೆ ಬಹುಮಟ್ಟಿಗೆ ನಾಶವಾಗುವುದರಿಂದ, ನಿಂಬೆಯನ್ನು ಒಲೆಯ ಮೇಲಿನ ಪಾತ್ರೆಗಲ್ಲದೆ ತಟ್ಟೆಗೆ ಹಿಂಡುವುದೇ ಸರಿಯಾದ ಕ್ರಮ.

ಇದು ಕೇವಲ ಕುತೂಹಲದ ವಿಷಯವಲ್ಲ. 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೂ, ಅದೇ ವಯಸ್ಸಿನ ಹುಡುಗರಲ್ಲಿ ನೂರಕ್ಕೆ 31 ಮಂದಿಗೂ ರಕ್ತಹೀನತೆ ಇತ್ತು. ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಇದೇ ವಯಸ್ಸಿನವರು. ರಕ್ತಹೀನತೆಗೆ ಬೇರೆ ಕಾರಣಗಳೂ ಉಂಟಾದರೂ, ಕಬ್ಬಿಣದ ಕೊರತೆ ಮುಖ್ಯವಾದದ್ದು. ಬೇಗ ಆಯಾಸ, ಮೆಟ್ಟಿಲು ಹತ್ತಿದರೆ ಏದುಸಿರು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಇದರ ಲಕ್ಷಣಗಳು. ಇವನ್ನು ಸೋಮಾರಿತನವೆಂದು ಹಿರಿಯರು ಗದರಿಸುವುದೂ ಉಂಟು. ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆ ಪಡೆಯುವುದು ವಿವೇಕ.

ಮಾಂಸಾಹಾರಿಗಳಲ್ಲದವರು ನಿರಾಶರಾಗಬೇಕಾಗಿಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಫೈಟಿಕ್ ಆಮ್ಲವೂ ಟ್ಯಾನಿನ್ನೂ ಕಡಮೆಯಾಗುವುವು. ಮೊಳಕೆ ಹುರುಳಿಯ ಸಾರು, ನಿಂಬೆ, ನೆಲ್ಲಿಕಾಯಿಗಳು ಮುದ್ದೆಗೆ ಒಳ್ಳೆಯ ಜೊತೆ. ಊಟವಾದ ಕೂಡಲೇ ಚಹ ಕುಡಿಯುವ ಅಭ್ಯಾಸವನ್ನು ಮಾತ್ರ ಎಲ್ಲರೂ ಬಿಡುವುದು ಮೇಲು. ಚಹದ ಟ್ಯಾನಿನ್ನುಗಳು ನಿಂಬೆ ಮಾಡಿದ ಉಪಕಾರವನ್ನು ಕೆಡಿಸುತ್ತವೆ. ಒಂದು ಗಂಟೆ ತಡೆದು ಕುಡಿದರೆ, ಊಟದಲ್ಲಿದ್ದ ಕಬ್ಬಿಣ ರಕ್ತಕ್ಕೆ ಸೇರಲು ಅವಕಾಶ ದೊರೆಯುತ್ತದೆ.