ಉತ್ತರ ಬೇಡ, ಉತ್ತರ ಸಿಗುತ್ತಾ ಅಂತ ಹೇಳಿ ಸಾಕು

ಜಿಮ್ಯಾಟ್‌ಗೆ ಓದೋಕೆ ಕೂತ ಮೊದಲ ವಾರ ಒಂದು ಮಾಕ್ ಟೆಸ್ಟ್ ಬರೆದೆ. ಡೇಟಾ ಸಫಿಷಿಯೆನ್ಸಿ ಲೆಕ್ಕಗಳನ್ನೆಲ್ಲ ರಫ್ ಶೀಟಿನಲ್ಲಿ ನೀಟಾಗಿ ಬಿಡಿಸಿದ್ದೆ. ಬಂದ ಸಂಖ್ಯೆಗಳೆಲ್ಲ ಸರಿ, ಆರಿಸಿದ ಆಯ್ಕೆಗಳಲ್ಲಿ ಅರ್ಧಕ್ಕರ್ಧ ತಪ್ಪು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಆದ್ದರಿಂದ ಇಂಗ್ಲಿಷೇ ಕೈಕೊಟ್ಟಿತು ಅಂದುಕೊಂಡೆ. ಅದಲ್ಲ. ಅವರು ಕೇಳಿದ್ದೇ ಒಂದು, ನಾನು ಮಾಡಿದ್ದೇ ಇನ್ನೊಂದು.

ಇಲ್ಲಿ ಒಂದು ಪ್ರಶ್ನೆ, ಅದರ ಕೆಳಗೆ ಎರಡು ಹೇಳಿಕೆ ಇರುತ್ತವೆ. ಉತ್ತರ ಎಷ್ಟು ಅಂತ ಕೇಳಲ್ಲ, ಉತ್ತರ ಹೇಳೋಕೆ ಇಷ್ಟು ಮಾಹಿತಿ ಸಾಕಾ ಅಂತ ಕೇಳ್ತಾರೆ. ಆಯ್ಕೆಗಳು ಯಾವಾಗಲೂ ಅವೇ ಐದು: ಮೊದಲನೆಯದೊಂದೇ ಸಾಕು, ಎರಡನೆಯದೊಂದೇ ಸಾಕು, ಎರಡೂ ಸೇರಿದರೆ ಮಾತ್ರ ಸಾಕು, ಯಾವುದೊಂದಿದ್ದರೂ ಸಾಕು, ಎರಡೂ ಸೇರಿದರೂ ಸಾಲದು. 2023ರ ಕೊನೆಯಲ್ಲಿ ಪರೀಕ್ಷೆಯ ರೂಪ ಬದಲಾದಾಗ ಇವು ಗಣಿತದಿಂದ ಡೇಟಾ ಇನ್‌ಸೈಟ್ಸ್ ವಿಭಾಗಕ್ಕೆ ಹೋದವು. ಅಲ್ಲಿ ಎಲ್ಲ ಬಗೆಯವೂ ಸೇರಿ 20 ಪ್ರಶ್ನೆ, 45 ನಿಮಿಷ. ಪೂರ್ತಿ ಲೆಕ್ಕ ಬಿಡಿಸುತ್ತಾ ಕೂತರೆ ಮುಗೀತು.

"ಸಾಲದು" ಅಂತ ತೋರಿಸೋದು ಹೇಗೆ? ಹೇಳಿಕೆಗೆ ಒಪ್ಪುವ, ಆದರೆ ಬೇರೆ ಬೇರೆ ಉತ್ತರ ಕೊಡುವ ಎರಡು ಸಂದರ್ಭ ಹುಡುಕಿದರೆ ಆಯ್ತು. ನನಗಿದು ತಲೆಗೆ ಹತ್ತಿದ್ದು ನಮ್ಮ ವಿಧಾನಸಭೆ ಚುನಾವಣೆಯಿಂದ. "ಪಕ್ಷಕ್ಕೆ ಶೇ. 36 ಮತ ಬಂದಿದೆ, ಸೀಟು ಎಷ್ಟು?" 2018ರಲ್ಲಿ ಬಿಜೆಪಿಗೆ ಸುಮಾರು ಶೇ. 36 ಮತ, 104 ಸೀಟು. 2023ರಲ್ಲೂ ಸುಮಾರು ಶೇ. 36, ಆದರೆ 66 ಸೀಟು. ಎರಡು ಸಂದರ್ಭ ಸಿಕ್ಕಿತು, ಕೆಲಸ ಮುಗಿಯಿತು. ಮತ ಪ್ರಮಾಣವೊಂದೇ ಸಾಲದು. ಉಳಿದ ಮತ ಯಾರ್ಯಾರ ನಡುವೆ ಹೇಗೆ ಹಂಚಿಹೋಯಿತು, ಯಾವ ಕ್ಷೇತ್ರದಲ್ಲಿ ಎಷ್ಟು ಬಿತ್ತು ಅನ್ನೋದೂ ಬೇಕು. ಟಿವಿ ಚರ್ಚೆಯಲ್ಲಿ "ಇಷ್ಟರಿಂದ ಹೇಳೋಕಾಗಲ್ಲ" ಅಂದವರನ್ನು ಮತ್ತೆ ಕರೆಯುತ್ತಾರೋ ಇಲ್ಲವೋ, ಈ ಪರೀಕ್ಷೆಯಲ್ಲಿ ಮಾತ್ರ ಅದಕ್ಕೆ ಪೂರ್ತಿ ಅಂಕ.

ಇನ್ನೊಂದು ಕಡೆ ನಾನು ತುಂಬ ಎಡವಿದೆ. ಒಂದು ಊರಿನಲ್ಲಿ ಗಂಡಸರಿಗಿಂತ ಹೆಚ್ಚು ಹೆಂಗಸರು ಮತ ಹಾಕಿದರಾ ಅನ್ನೋದು ಪ್ರಶ್ನೆ ಅಂತಿಟ್ಟುಕೊಳ್ಳಿ. ಹೇಳಿಕೆ ಒಂದು: ಪಟ್ಟಿಯಲ್ಲಿದ್ದ ಹೆಂಗಸರಲ್ಲಿ ಶೇ. 80, ಗಂಡಸರಲ್ಲಿ ಶೇ. 70 ಮಂದಿ ಮತ ಹಾಕಿದರು. ಹೇಳಿಕೆ ಎರಡು: ಪಟ್ಟಿಯಲ್ಲಿ ಪ್ರತಿ 10 ಗಂಡಸರಿಗೆ 8 ಹೆಂಗಸರಿದ್ದಾರೆ. ಮೊದಲನೆಯದರಲ್ಲಿ ಪಟ್ಟಿ ಎಷ್ಟು ದೊಡ್ಡದು ಗೊತ್ತಿಲ್ಲ, ಎರಡನೆಯದರಲ್ಲಿ ಯಾರು ಬೂತಿಗೆ ಬಂದರು ಗೊತ್ತಿಲ್ಲ. ಸೇರಿಸಿದರೆ 10 ಗಂಡಸರಲ್ಲಿ 7, 8 ಹೆಂಗಸರಲ್ಲಿ 6.4. ಅಂದರೆ "ಇಲ್ಲ". ಈ "ಇಲ್ಲ" ನೋಡಿದ ಕೂಡಲೇ ನಾನು "ಸಾಲದು" ಒತ್ತಿಬಿಡುತ್ತಿದ್ದೆ. ಆದರೆ ಖಚಿತವಾದ "ಇಲ್ಲ" ಕೂಡ ಉತ್ತರವೇ. ಎರಡೂ ಸೇರಿದರೆ ಸಾಕು ಅನ್ನೋದೇ ಇಲ್ಲಿ ಸರಿ. ಊರಲ್ಲಿ ಒಟ್ಟು ಎಷ್ಟು ಮತದಾರರು ಅಂತ ತಿಳಿಯೋ ಅಗತ್ಯವೂ ಬರಲಿಲ್ಲ, ಗಮನಿಸಿ.

ಕೊನೆಯ ಬಲೆ, ಸ್ಕೂಲಲ್ಲಿ ಉರು ಹೊಡೆದ ನಿಯಮ: ಎರಡು ಅಜ್ಞಾತ ಇದ್ದರೆ ಎರಡು ಸಮೀಕರಣ ಬೇಕೇ ಬೇಕು. ಟೀ 15 ರೂಪಾಯಿ, ದೋಸೆ 40. ಎಷ್ಟು ಟೀ ಕುಡಿದರು? ಹೇಳಿಕೆ ಒಂದು: ಬಿಲ್ಲು 125 ರೂಪಾಯಿ. ಹೇಳಿಕೆ ಎರಡು: ಟೀ, ದೋಸೆ ಸೇರಿ ಐದು. ಕೈ ತಾನಾಗಿ "ಎರಡೂ ಸೇರಿದರೆ" ಅನ್ನೋದರ ಮೇಲೆ ಹೋಗುತ್ತೆ. ತಡೀರಿ, ಅರ್ಧ ದೋಸೆಗೆ ಯಾರೂ ಬಿಲ್ ಮಾಡಲ್ಲ. ದೋಸೆ ಸೊನ್ನೆ, ಒಂದು ಅಥವಾ ಮೂರಾದರೆ ಉಳಿದ ದುಡ್ಡು 15ರಿಂದ ಭಾಗವಾಗಲ್ಲ. ಎರಡಾದರೆ ಮಾತ್ರ 45 ಉಳಿದು ಮೂರು ಟೀ ಬರುತ್ತೆ. ಮೊದಲನೆಯದೊಂದೇ ಸಾಕು! ಎರಡನೆಯದೊಂದೇ ಆದರೆ ಸಾಲದು.

ಈಗ ಎರಡನೇ ಹೇಳಿಕೆ ಓದುವಾಗ ಮೊದಲನೆಯದನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತೇನೆ, ಇಲ್ಲದಿದ್ದರೆ ಅದರ ಮಾಹಿತಿ ಗೊತ್ತಿಲ್ಲದೆ ಇದಕ್ಕೂ ಅಂಟಿಕೊಳ್ಳುತ್ತೆ. ಸ್ಕ್ರೀನಿಗೆ ಕೈ ಅಡ್ಡ ಹಿಡಿದು ಕೂತ ನನ್ನನ್ನು ನೋಡಿ ತಂಗಿ ನಗ್ತಾಳೆ.