ಮಾವಿನ ಮರಕ್ಕೆ ಗರಗಸ ಯಾವಾಗ?

ನಾನು ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದಾಗ ನಮ್ಮ ಮಾವನವರ ತೋಟದಲ್ಲಿ 40 ಮರಗಳಿದ್ದವು. ಹೆಚ್ಚಿನವು ತೋತಾಪುರಿ, ಒಂದಷ್ಟು ಬಾದಾಮಿ, ರಸಪುರಿ. ಒಂದು ಮರದ ಕೊಂಬೆ ಇನ್ನೊಂದರೊಳಗೆ ಹೊಕ್ಕು, ನಡುಹಗಲಲ್ಲೂ ಬುಡಕ್ಕೆ ಬಿಸಿಲು ಬೀಳುತ್ತಿರಲಿಲ್ಲ. ಕಾಯಿ ಬಿಡುತ್ತಿದ್ದುದು ತೀರಾ ಮೇಲೆ ಮಾತ್ರ. ದೋಟಿಗೆ ಎಟುಕದು, ಔಷಧಿ ಹೊಡೆದರೆ ತಲುಪದು. ತೋಟ ನೋಡಲು ಬಂದ ವ್ಯಾಪಾರಿ ವರ್ಷವರ್ಷವೂ ಕಮ್ಮಿ ರೇಟು ಹೇಳುತ್ತಿದ್ದ.

ಕೊಂಬೆ ಸವರಿಸೋಣ ಅಂದರೆ ಮಾವನವರು ಒಪ್ಪಲಿಲ್ಲ. “ಫಲ ಕೊಡೋ ಮರಕ್ಕೆ ಗರಗಸ ಹಾಕ್ತೀರೇನಮ್ಮಾ?” ಅಂದರು. ಎರಡು ವರ್ಷ ಕಾಡಿಸಿ, 12 ಮರಕ್ಕೆ ಒಪ್ಪಿಗೆ ಕೊಟ್ಟರು. ಆದರೆ ಕೆಲಸದವರು ಸಿಗಲಿಲ್ಲ ಅಂತ ನಾವು ದಸರಾ ಕಳೆದ ಮೇಲೆ ಕಡಿಸಿದೆವು. ಸಂಕ್ರಾಂತಿ ಹೊತ್ತಿಗೆ ಪಕ್ಕದ ತೋಟದಲ್ಲೆಲ್ಲ ಹೂವು, ನಮ್ಮ 12 ಮರದಲ್ಲಿ ಬರೀ ಕೆಂಪು ಚಿಗುರು! ಮಾವನವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮಾವು ಹೂ ಬಿಡೋದು ಬಲಿತ ಚಿಗುರಿನ ತುದಿಯಲ್ಲಿ. ಸವರಿದ ಮೇಲೆ ಬಂದ ಚಿಗುರು ಬಲಿಯಲು ಕೆಲವು ತಿಂಗಳು ಬೇಕೇ ಬೇಕು. ಹಾಗಾಗಿ ಕಾಯಿ ಇಳಿಸಿದ ಕೂಡಲೇ, ಜುಲೈ–ಆಗಸ್ಟ್‌ನಲ್ಲೇ ಕೆಲಸ ಮುಗಿಸಿಬಿಡಬೇಕು. ಅನುಮಾನವಿದ್ದರೆ ನಮ್ಮ ತಾಲ್ಲೂಕಿನ ಹೊಗಳಗೆರೆಯಲ್ಲೇ ಇಸ್ರೇಲ್ ಸಹಯೋಗದ ಮಾವು ಕೇಂದ್ರವಿದೆ, ಹೋಗಿ ಕೇಳಬಹುದು.

ಮೊದಲು ಒಣಗಿದ ಕೊಂಬೆ, ಬಂದಳಿಕೆ ಹಿಡಿದ ಕೊಂಬೆ ತೆಗೆಸಿ. ಆಮೇಲೆ ಒಂದಕ್ಕೊಂದು ಉಜ್ಜುವಂಥವು. ಕೊನೆಗೆ ನಡುವೆ ನೆಟ್ಟಗೆ ಮೇಲೆದ್ದ ಒಂದು ಕೊಂಬೆ ತೆಗೆದರೆ ಮರದೊಳಗೆ ಬೆಳಕು ಇಳಿಯುತ್ತೆ. ಒಂದೇ ವರ್ಷ ಎಲ್ಲ ಬೋಳಿಸಬೇಡಿ, ಫಸಲು ಕೈ ಕೊಡುತ್ತೆ. ಮಚ್ಚು ಬೇಡ, ಗರಗಸವೇ ಆಗಬೇಕು. ದಪ್ಪ ಕೊಂಬೆಯನ್ನು ಮೇಲಿಂದಲೇ ಕೊಯ್ದರೆ ಭಾರಕ್ಕೆ ಮುರಿದು ಕಾಂಡದ ತೊಗಟೆಯೂ ಸುಲಿದು ಬರುತ್ತೆ. ಕೆಳಗಿನಿಂದ ಸ್ವಲ್ಪ ಕೊಯ್ದು, ಅದಕ್ಕಿಂತ ತುಸು ಆಚೆ ಮೇಲಿಂದ ಕೊಯ್ದು ಭಾರ ಇಳಿಸಿ, ಉಳಿದ ಮೋಟನ್ನು ಆಮೇಲೆ ತೆಗೆಯಬೇಕು.

ಗಾಯಕ್ಕೆ ಅವತ್ತೇ ಬೋರ್ಡೋ ಮುಲಾಮು. ಒಂದು ಪ್ಲಾಸ್ಟಿಕ್ ಬಕೆಟ್‌ನಲ್ಲಿ 5 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, ಇನ್ನೊಂದರಲ್ಲಿ ಅಷ್ಟೇ ನೀರಿಗೆ 1 ಕೆ.ಜಿ. ಸುಣ್ಣ ಕರಗಿಸಿ ಬೆರೆಸಿದರಾಯಿತು. ಕಬ್ಬಿಣದ ಪಾತ್ರೆ ಮಾತ್ರ ಬೇಡ. ತೊಗಟೆಯಿಂದ ಮರದ ಪುಡಿ ಉದುರುತ್ತಿದ್ದರೆ ಕಾಂಡ ಕೊರೆಯುವ ಹುಳು ಸೇರಿದೆ ಎಂದರ್ಥ, ಆಗಾಗ ನೋಡುತ್ತಿರಿ.

ಬೆಂಗಳೂರಿನಲ್ಲಿರುವ ಮಗಳು ಕುಂಡದ ಲ್ಯಾವೆಂಡರ್ ಗಿಡವನ್ನು ಎಲೆಯಿಲ್ಲದ ಹಳೇ ಕಡ್ಡಿಯವರೆಗೂ ಕತ್ತರಿಸಿದಳು, ಅದು ಮತ್ತೆ ಚಿಗುರಲೇ ಇಲ್ಲ. ಮಾವು ಹಾಗಲ್ಲ. ಹಳೇ ಕೊಂಬೆಯಿಂದಲೂ ಗೊಂಚಲುಗೊಂಚಲಾಗಿ ಚಿಗುರುತ್ತೆ. ಹೊರಮುಖವಾಗಿರುವ ಎರಡು–ಮೂರು ಉಳಿಸಿ, ಮಿಕ್ಕಿದ್ದು ಚಿವುಟಿ.

ಮೂರನೇ ವರ್ಷ ಆ 12 ಮರಗಳಲ್ಲಿ ದೋಟಿಗೆ ಸಿಗುವಷ್ಟು ಕೆಳಗೇ ಕಾಯಿ ಕಚ್ಚಿತು. ಈಗ ಮುಲಾಮು ಹಚ್ಚೋ ಕೆಲಸ ಮಾವನವರದ್ದೇ. ಬಾವಿ ಪಕ್ಕದ ರಸಪುರಿಗೆ ಮಾತ್ರ ಇವತ್ತಿಗೂ ಯಾರೂ ಕೈ ಹಾಕೋ ಹಾಗಿಲ್ಲ.